ಅಹಿಂಸೆಯ ಹೆಸರಿನಲ್ಲಿ ಆಲಸ್ಯ



ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಶ್ರಾವಕ ಮನೆತನಗಳ ಹಿರಿಯರು ಕೂಡಿದ್ದ ಒಂದು ಸಭೆಯಲ್ಲಿ ನಾನೂ ಇದ್ದೆ. ಕಾರ್ಯಸೂಚಿಯ ಮೊದಲ ವಿಷಯ ಬಸದಿಯ ಪ್ರಾಂಗಣಕ್ಕೆ ಕಲ್ಲು ಹಾಸುವುದು. ಅದು ಐದೇ ನಿಮಿಷಗಳಲ್ಲಿ ಮಂಜೂರಾಯಿತು. ಕೊನೆಯಲ್ಲಿ ಬಂದದ್ದು ಔಷಧದಾನ ನಿಧಿಯಿಂದ ನೆರವು ಕೋರಿದ ಒಂದು ಅರ್ಜಿ. ಕುಸುಮರೋಗವೆಂದು ನಮ್ಮಲ್ಲಿ ಕರೆಯುವ ಹಿಮೋಫಿಲಿಯಾದಿಂದ ಹುಟ್ಟಿದಾರಭ್ಯ ನರಳುತ್ತಿರುವ ಯುವಕನೊಬ್ಬನ ತಂದೆ, ಮಗನನ್ನು ವೆಲ್ಲೂರಿಗೆ ಕರೆದೊಯ್ದು ವಿಚಾರಿಸಿಕೊಂಡು ಬರಲು ಪ್ರಯಾಣ ಮತ್ತು ವಸತಿಯ ವೆಚ್ಚವನ್ನಷ್ಟೇ ಕೇಳಿದ್ದರು. ರೋಗಿಯ ರಕ್ತದ ಮೂಲಕೋಶಗಳನ್ನು ಹೊರತೆಗೆದು, ಪ್ರಯೋಗಾಲಯದಲ್ಲಿ ತಿದ್ದಿ, ಮರಳಿ ಅವನ ದೇಹಕ್ಕೇ ಸೇರಿಸುವ ಚಿಕಿತ್ಸೆಯೊಂದನ್ನು ಅಲ್ಲಿ ಪರೀಕ್ಷಿಸಿದ್ದಾರೆಂದು ಅವರು ಪತ್ರಿಕೆಯಲ್ಲಿ ಓದಿದ್ದರು.

ಹಿರಿಯರೊಬ್ಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು: "ಗಾಜಿನ ತಟ್ಟೆಯಲ್ಲಿ ಜೀವಕೋಶ ಬೆಳೆಸಬೇಕಾದರೆ ಕರುವಿನ ರಕ್ತ ಬೇಕು, ಭ್ರೂಣ ಬೇಕು. ನಮ್ಮ ದಾನದ ಹಣ ಅಲ್ಲಿಗೆ ಹೋಗುವುದು ಬೇಡ." ಯಾರೂ ಎದುರಾಡಲಿಲ್ಲ. 'ಹಿಂಸೆಯ ಸಂಶಯವಿರುವುದರಿಂದ ಮುಂದೂಡಲಾಗಿದೆ' ಎಂದು ನಡಾವಳಿ ಪುಸ್ತಕದಲ್ಲಿ ಬರೆಯಲಾಯಿತು. ನಾನೂ ಸುಮ್ಮನೆ ಕುಳಿತಿದ್ದೆನೆಂಬುದನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ. ಆ ಮಾತಿಗೆ ಉತ್ತರ ನನಗೆ ಗೊತ್ತಿರಲಿಲ್ಲ. ತಿಳಿದುಕೊಳ್ಳಲು ಹಲವು ತಿಂಗಳು ಹಿಡಿಯಿತು. ತಿಳಿದ ಮೇಲೆ ಆ ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆಯೆಂಬುದೂ, ಆ ಅರ್ಧ ಸತ್ಯವನ್ನು ನಾವೆಲ್ಲ ನಮ್ಮ ಆಲಸ್ಯಕ್ಕೆ ಹೊದಿಕೆಯಾಗಿ ಬಳಸಿಕೊಂಡೆವೆಂಬುದೂ ಸ್ಪಷ್ಟವಾಯಿತು.

ಮೊದಲು ವಿಷಯವೇನೆಂಬುದನ್ನು ನೋಡೋಣ. ನಮ್ಮ ದೇಹದಲ್ಲಿ ದಿನವೊಂದಕ್ಕೆ ಸುಮಾರು 20,000 ಕೋಟಿ ಕೆಂಪು ರಕ್ತಕಣಗಳು ಹೊಸದಾಗಿ ಹುಟ್ಟುತ್ತವೆ. ಇವೆಲ್ಲಕ್ಕೂ ತಾಯಿಬೇರು ಅಸ್ಥಿಮಜ್ಜೆಯಲ್ಲಿ ನೆಲೆಸಿರುವ ಕೆಲವೇ ಕೋಶಗಳು. ವೈದ್ಯರು ಇವನ್ನು ಸ್ಟೆಮ್ ಸೆಲ್ ಎನ್ನುತ್ತಾರೆ; ಆಕರಕೋಶವೆಂದು ಕರೆಯೋಣ. ಇವಕ್ಕೂ ಗರ್ಭದ ಭ್ರೂಣಕ್ಕೂ ಸಂಬಂಧವಿಲ್ಲ. ಭ್ರೂಣದಿಂದ ತೆಗೆಯುವ ಆಕರಕೋಶಗಳು ಬೇರೆ ಜಾತಿಯವು, ಅವುಗಳ ವಾದವೂ ಬೇರೆ. ರಕ್ತದ ಆಕರಕೋಶಗಳು ದೊರೆಯುವುದು ಬದುಕಿರುವ ಮನುಷ್ಯನ ಮಜ್ಜೆಯಿಂದ, ಅವನ ತೋಳಿನ ರಕ್ತನಾಳದಿಂದ, ಇಲ್ಲವೇ ಹೆರಿಗೆಯಾದ ಮೇಲೆ ಎಸೆದುಬಿಡುವ ಹೊಕ್ಕುಳಬಳ್ಳಿಯಿಂದ. ಹಿರಿಯರ ಮಾತಿನ 'ಭ್ರೂಣ ಬೇಕು' ಎಂಬ ಭಾಗ, ಮನುಷ್ಯ ಭ್ರೂಣವನ್ನು ಕುರಿತದ್ದಾದರೆ, ಇಲ್ಲಿಗೇ ಮುಗಿಯಿತು.

ಕೆನಡಾ ದೇಶದ ಟಿಲ್ ಮತ್ತು ಮೆಕಲಾಕ್ ಎಂಬ ವಿಜ್ಞಾನಿಗಳು ಇಂಥ ಕೋಶಗಳಿವೆಯೆಂಬುದಕ್ಕೆ 1961ರಲ್ಲಿ ಪ್ರಮಾಣ ಒದಗಿಸಿದರು. ಅವನ್ನು ದೇಹದ ಹೊರಗೆ ಬೆಳೆಸುವುದು ಮಾತ್ರ ಸುಲಭವಾಗಲಿಲ್ಲ. ಮಜ್ಜೆಯ ಕೋಶಗಳನ್ನು ತಟ್ಟೆಯಲ್ಲಿಟ್ಟರೆ ಸಾಯುತ್ತಿದ್ದವು. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಬ್ರಾಡ್ಲಿ ಮತ್ತು ಮೆಟ್ಕಾಫ್ ಎಂಬವರು 1966ರಲ್ಲಿ, ಬೇರೆ ಕೋಶಗಳು ಸ್ರವಿಸುವ ಯಾವುದೋ ವಸ್ತು ದೊರೆತರೆ ಮಾತ್ರ ಮಜ್ಜೆಯ ಕೋಶಗಳು ಬದುಕಿ ಗುಂಪು ಗುಂಪಾಗಿ ಬೆಳೆಯುತ್ತವೆಂಬುದನ್ನು ತೋರಿಸಿದರು. ಆ 'ಯಾವುದೋ ವಸ್ತು'ವೇ ಇಂದು ಗ್ರೋತ್ ಫ್ಯಾಕ್ಟರ್, ಅಂದರೆ ವೃದ್ಧಿಕಾರಕ. ಇವು ಒಂದಲ್ಲ, ಹಲವು ಪ್ರೋಟೀನುಗಳು. ಒಂದು ಆಕರಕೋಶವನ್ನು ಎಚ್ಚರಿಸುತ್ತದೆ, ಇನ್ನೊಂದು ಅದನ್ನು ಬಿಳಿಕಣವಾಗುವ ದಾರಿಗೆ ತಳ್ಳುತ್ತದೆ, ಮತ್ತೊಂದು ಸಾಯದಂತೆ ಕಾಯುತ್ತದೆ. ತೊಡಕೂ ಇಲ್ಲಿಯೇ ಇದೆ. ವೃದ್ಧಿಕಾರಕ ಹೆಚ್ಚಾದರೆ ಕೋಶಗಳೇನೋ ಸಾವಿರಪಟ್ಟು ಹೆಚ್ಚುತ್ತವೆ, ಆದರೆ ಹೆಚ್ಚುತ್ತ ಹೆಚ್ಚುತ್ತ ಆಕರಕೋಶವಾಗಿ ಉಳಿಯುವ ಗುಣವನ್ನೇ ಕಳೆದುಕೊಳ್ಳುತ್ತವೆ. ಬಿತ್ತನೆಗೆಂದು ಇಟ್ಟ ಜೋಳ ಮೊಳೆತು ಹೋದಂತೆ. ಈ ತೊಡಕನ್ನು ಬಿಡಿಸಲು ವಿಜ್ಞಾನಿಗಳಿಗೆ ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ಇಂದಿಗೂ ಅದು ಪೂರ್ತಿ ಬಿಡಿಸಿಲ್ಲ.

ಇನ್ನು ಕರುವಿನ ರಕ್ತದ ಮಾತು. ಇದು ನಿಜ, ಮತ್ತು ನಮ್ಮ ಹಿರಿಯರು ಊಹಿಸಿದ್ದಕ್ಕಿಂತಲೂ ಘೋರವಾದ ನಿಜ. ವಿಜ್ಞಾನಿಗಳು 1950ರ ದಶಕದಿಂದ ಕೋಶಗಳಿಗೆ ಆಹಾರವಾಗಿ ಬಳಸುತ್ತ ಬಂದದ್ದು ಫೀಟಲ್ ಬೊವೈನ್ ಸೀರಂ ಎಂಬ ದ್ರವವನ್ನು. ಕಸಾಯಿಖಾನೆಯಲ್ಲಿ ಕಡಿದ ಹಸು ಗಬ್ಬವಾಗಿದ್ದರೆ ಅದರ ಗರ್ಭಕೋಶದಿಂದ ಕರುವನ್ನು ಹೊರತೆಗೆದು, ಹೃದಯಕ್ಕೆ ಸೂಜಿ ಚುಚ್ಚಿ ರಕ್ತ ಹೀರುತ್ತಾರೆ. ಆ ರಕ್ತ ಹೆಪ್ಪುಗಟ್ಟಿದ ಮೇಲೆ ತಿಳಿಯಾಗಿ ಉಳಿಯುವುದೇ ಸೀರಂ. 2002ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 5 ಲಕ್ಷ ಲೀಟರ್ ಇಂಥ ಸೀರಂ ತಯಾರಾಗುತ್ತಿತ್ತು. ಅದಕ್ಕೆ ಬೇಕಾದ ಕರುಭ್ರೂಣಗಳು 10 ಲಕ್ಷಕ್ಕೂ ಮಿಗಿಲು. ಮಾರುವವರು ಇದಕ್ಕೆ ಕೊಡುವ ಸಮಾಧಾನ ಒಂದೇ: ಹಸುವನ್ನು ಕಡಿದದ್ದು ಮಾಂಸಕ್ಕಾಗಿ, ನಾವು ತೆಗೆದುಕೊಳ್ಳುವುದು ಹೇಗೂ ಎಸೆಯಬೇಕಾಗಿದ್ದನ್ನು.

ಈ ಸಮಾಧಾನ ಜೈನನಿಗೆ ಹೊಸದಲ್ಲ. ತಾನಾಗಿ ಸತ್ತ ಎಮ್ಮೆ ಎತ್ತುಗಳ ಮಾಂಸವನ್ನು ತಿಂದರೂ ಹಿಂಸೆ ತಪ್ಪದೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಸಾವಿರ ವರ್ಷಗಳ ಹಿಂದೆಯೇ ವಾದಿಸಿದ್ದಾರೆ. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು ಎಂಬ ಮೂರು ಬಾಗಿಲುಗಳಲ್ಲಿ ಪಾಪ ಒಳಬರುತ್ತದೆಂದು ಕಲಿತ ನಾವು 'ಕಡಿದವನು ನಾನಲ್ಲ' ಎಂದು ತಪ್ಪಿಸಿಕೊಳ್ಳಲಾರೆವು. ಆದ್ದರಿಂದ ಕರುವಿನ ಸೀರಂ ವಿಷಯದಲ್ಲಿ ಆ ಹಿರಿಯರ ಪರವಾಗಿಯೇ ನಾನು ನಿಲ್ಲುತ್ತೇನೆ. ವಿಜ್ಞಾನವೆಂದ ಕೂಡಲೇ ಕಣ್ಣುಮುಚ್ಚಿ ಕೈಮುಗಿಯಬೇಕೆನ್ನುವ ನಮ್ಮ ಕೆಲವು ತರುಣರ ಧೋರಣೆ ನನಗೆ ಸಮ್ಮತವಲ್ಲ.

ಆದರೆ ಅಲ್ಲಿಂದ ಮುಂದೆ ನಮ್ಮ ದಾರಿ ಬೇರೆಯಾಗುತ್ತದೆ. ಸೀರಂ ಹಿಂಸೆಯೆಂದಾದರೆ ಮಾಡಬೇಕಾದದ್ದೇನು? ಚಿಕಿತ್ಸೆಗೆ ಬೆನ್ನು ತಿರುಗಿಸುವುದೇ, ಅಥವಾ ಚಿಕಿತ್ಸೆಯಿಂದ ಸೀರಮ್ಮನ್ನು ಹೊರಗಟ್ಟುವುದೇ?

ಈ ಪ್ರಶ್ನೆಯನ್ನು ನಮ್ಮ ಪೂರ್ವಜರು ಬಗೆಹರಿಸಿದ್ದಾರೆ. ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿದ್ದ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದರು. ಅಂದಿನ ಆಯುರ್ವೇದದಲ್ಲಿ ಮಾಂಸರಸ, ಮದ್ಯ, ಜೇನು ಇವು ಧಾರಾಳವಾಗಿ ಬಳಕೆಯಲ್ಲಿದ್ದವು. ಅನೇಕ ರೋಗಗಳಿಗೆ ಮಾಂಸವೇ ಮದ್ದೆಂದು ಪ್ರಸಿದ್ಧ ವೈದ್ಯರು ಹೇಳುತ್ತಿದ್ದರು. ಉಗ್ರಾದಿತ್ಯರು ವೈದ್ಯವನ್ನು ತ್ಯಜಿಸಲಿಲ್ಲ. ಮಾಂಸ ಮದ್ಯ ಮಧುಗಳನ್ನು ತ್ಯಜಿಸಿದ ವೈದ್ಯವೊಂದನ್ನು ಅಧ್ಯಾಯ ಅಧ್ಯಾಯವಾಗಿ ಕಟ್ಟಿದರು. ಔಷಧದಲ್ಲಿ ಮಾಂಸ ಅನಗತ್ಯವೆಂದು ನೃಪತುಂಗನ ಸಭೆಯಲ್ಲಿ ವೈದ್ಯ ವಿದ್ವಾಂಸರ ಮುಂದೆ ಮಾಡಿದ ವಾದ ಆ ಗ್ರಂಥದ ಕೊನೆಯ ಭಾಗದಲ್ಲಿ ಸೇರಿದೆ. ಮುಂದೆ ಜಗದ್ದಳ ಸೋಮನಾಥ ಅದೇ ಹೆಸರಿನ ಗ್ರಂಥವನ್ನು ಕನ್ನಡದಲ್ಲಿ ಬರೆದಾಗಲೂ ಇದೇ ನಿಯಮವನ್ನು ಪಾಲಿಸಿದ. ಚಾಲುಕ್ಯ ಮನೆತನದ ಕೀರ್ತಿವರ್ಮನಂತೂ ದನಗಳ ರೋಗಕ್ಕೇ ಗೋವೈದ್ಯವೆಂಬ ಕನ್ನಡ ಗ್ರಂಥ ಬರೆದ. ಇವರಲ್ಲಿ ಯಾರೂ 'ಸಂಶಯವಿದೆ, ಮುಂದೂಡೋಣ' ಎಂದು ಬರೆದಿಟ್ಟು ಎದ್ದುಹೋಗಲಿಲ್ಲ. ಅವರಿಗೆ ವೈದ್ಯರ ಅರೆಯುವ ಕಲ್ಲಿನ ಬಳಿ ಕುಳಿತು ವಾದಿಸುವ ವಿದ್ಯೆಯಿತ್ತು. ನಮಗೆ ಉಳಿದಿರುವುದು ದೂರದಿಂದ ಮೂಗು ಮುಚ್ಚಿಕೊಳ್ಳುವ ವಿದ್ಯೆ.

ಅರೆಯುವ ಕಲ್ಲು ಈಗ ಎಲ್ಲಿಗೆ ಬಂದಿದೆ ನೋಡಿ. ಹೊಕ್ಕುಳಬಳ್ಳಿಯ ರಕ್ತದಿಂದ ಮೊದಲ ಚಿಕಿತ್ಸೆ ನಡೆದದ್ದು 1988ರಲ್ಲಿ, ಪ್ಯಾರಿಸ್ಸಿನಲ್ಲಿ. ಐದು ವರ್ಷದ ಬಾಲಕನಿಗೆ ಅವನ ತಂಗಿಯ ಹೊಕ್ಕುಳಬಳ್ಳಿಯ ರಕ್ತ ಕೊಡಲಾಯಿತು. ಒಂದು ಬಳ್ಳಿಯಲ್ಲಿ ದೊರೆಯುವ ಕೋಶಗಳು ಮಗುವಿಗೆ ಸಾಕು, ಬೆಳೆದವರಿಗೆ ಸಾಲವು. ಆದ್ದರಿಂದಲೇ ಅವನ್ನು ಪ್ರಯೋಗಾಲಯದಲ್ಲಿ ಹೆಚ್ಚಿಸುವ ಯತ್ನಗಳು ನಡೆದವು. 2023ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಮಿಸರ್ಜ್ ಎಂಬ ಹೆಸರಿನ ಇಂಥದೊಂದು ಉತ್ಪನ್ನಕ್ಕೆ ಅನುಮತಿ ನೀಡಿತು. ಬಳ್ಳಿಯ ಕೋಶಗಳನ್ನು ವೃದ್ಧಿಕಾರಕಗಳೊಡನೆ ನಿಕೋಟಿನಮೈಡ್ ಎಂಬ ಬಿ ಜೀವಸತ್ವದ ರೂಪವನ್ನು ಸೇರಿಸಿ ಸುಮಾರು ಮೂರು ವಾರ ಬೆಳೆಸುತ್ತಾರೆ. 125 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಸಾಮಾನ್ಯ ಬಳ್ಳಿರಕ್ತ ಪಡೆದವರಿಗೆ ಸೋಂಕನ್ನು ಎದುರಿಸುವ ಬಿಳಿಕಣಗಳು ಮರಳಲು 22 ದಿನ ಬೇಕಾದರೆ ಇದನ್ನು ಪಡೆದವರಿಗೆ 12 ದಿನ ಸಾಕಾಯಿತು. ಆ ಹತ್ತು ದಿನಗಳಲ್ಲಿ ಎಷ್ಟು ಜೀವಗಳು ಸೋಂಕಿಗೆ ಬಲಿಯಾಗುತ್ತವೆಂಬುದನ್ನು ಅಸ್ಥಿಮಜ್ಜೆಯ ವಾರ್ಡಿನ ಹೊರಗೆ ಕಾದು ಕುಳಿತವರು ಬಲ್ಲರು. 2023ರಲ್ಲಿ ಇದರ ಬೆಲೆ 3,38,000 ಡಾಲರ್ ಇತ್ತು, ನಮ್ಮ ಲೆಕ್ಕದಲ್ಲಿ ಎರಡೂವರೆ ಕೋಟಿ ರೂಪಾಯಿಗೂ ಹೆಚ್ಚು. ಜಗಳೂರಿನ ಮಳೆ ನಂಬಿದ ರೈತನಿರಲಿ, ಚನ್ನಗಿರಿಯ ಅಡಿಕೆ ವರ್ತಕನಿಗೂ ನಿಲುಕದು. ಗೋಸಂಬಂಧಿ ವಸ್ತುಗಳು ಒಗ್ಗದವರಿಗೆ ಇದನ್ನು ಕೊಡಕೂಡದೆಂಬ ಎಚ್ಚರಿಕೆಯೂ ಇದರ ವಿವರಪತ್ರದಲ್ಲಿದೆ. ಎಂದರೆ ನಮ್ಮ ಹಿರಿಯರ ಶಂಕೆ ಇಲ್ಲಿ ನಿಷ್ಕಾರಣವಲ್ಲ.

ಇಷ್ಟಕ್ಕೇ ಕಥೆ ನಿಂತಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. 2019ರಲ್ಲಿ ವಿಲ್ಕಿನ್ಸನ್, ಯಮಝಾಕಿ, ನಕೌಚಿ ಮತ್ತು ಸಂಗಡಿಗರು, ಇಲಿಯ ರಕ್ತದ ಆಕರಕೋಶಗಳನ್ನು ಸೀರಮ್ಮೂ ಇಲ್ಲದೆ, ರಕ್ತದಿಂದ ತೆಗೆದ ಆಲ್ಬುಮಿನ್ನೂ ಇಲ್ಲದೆ ನೂರಾರು ಪಟ್ಟು ಹೆಚ್ಚಿಸಬಹುದೆಂದು ತೋರಿಸಿದರು. ಆಲ್ಬುಮಿನ್ನಿನ ಜಾಗದಲ್ಲಿ ಅವರು ಹಾಕಿದ್ದು ಪಾಲಿವಿನೈಲ್ ಆಲ್ಕೊಹಾಲ್, ಅಂಟು ತಯಾರಿಕೆಯಲ್ಲಿ ಬಳಸುವ ಒಂದು ಪಾಲಿಮರ್. ಅಷ್ಟೇ ಅಲ್ಲ, ಆಲ್ಬುಮಿನ್ನಿನೊಡನೆ ಬರುವ ಕಲ್ಮಷಗಳೇ ಆಕರಕೋಶಗಳು ಕೆಡಲು ಒಂದು ಕಾರಣವಾಗಿದ್ದವೆಂಬುದೂ ಬೆಳಕಿಗೆ ಬಂತು. 2023ರಲ್ಲಿ ಯಮಝಾಕಿಯವರ ಜಪಾನಿನ ತಂಡ ಇದನ್ನು ಮನುಷ್ಯರ ಕೋಶಗಳಿಗೂ ವಿಸ್ತರಿಸಿ, ವೃದ್ಧಿಕಾರಕ ಪ್ರೋಟೀನುಗಳನ್ನೂ ಬಿಟ್ಟು, ಅವುಗಳ ಕೆಲಸ ಮಾಡುವ ರಾಸಾಯನಿಕ ಅಣುಗಳಿಂದಲೇ ಹೊಕ್ಕುಳಬಳ್ಳಿಯ ಆಕರಕೋಶಗಳನ್ನು ಬೆಳೆಸಿತು. ಉಗ್ರಾದಿತ್ಯರು ಮಾಂಸವಿಲ್ಲದೆಯೂ ಔಷಧ ಸಿದ್ಧವಾಗುತ್ತದೆಂದು ವಾದಿಸಿದರು. ಇಲ್ಲಿ ಪ್ರಾಣಿರಕ್ತವಿಲ್ಲದಾಗಲೇ ಕೆಲಸ ಚೆನ್ನಾಗಿ ನಡೆಯುತ್ತದೆಂಬುದು ಪ್ರಯೋಗದಿಂದ ತಿಳಿದಿದೆ.

ಇದನ್ನು ಮಾಡಿದವರು ಜೈನರಲ್ಲ. ಜೀವದಯೆಯ ಉದ್ದೇಶದಿಂದಲೇ ಮಾಡಿದರೆಂದು ಹೇಳಲೂ ಆಧಾರವಿಲ್ಲ. ಅವರಿಗೆ ಬೇಕಾಗಿದ್ದದ್ದು ಶುದ್ಧವೂ ಅಗ್ಗವೂ ಆದ ದ್ರವ. ಆದರೆ ಅಹಿಂಸೆಯೇ ಪರಮಧರ್ಮವೆಂದು ಸಾರುವ, ಔಷಧ ವ್ಯಾಪಾರದಲ್ಲಿ ತಲೆಮಾರುಗಳಿಂದ ನುರಿತ ಸಮಾಜ ನಮ್ಮದು. ಈ ಕೆಲಸಕ್ಕೆ ಒಂದು ವಿದ್ಯಾರ್ಥಿವೇತನವನ್ನಾದರೂ ಕೊಡಬೇಕೆಂದು ನಾನು ಕುಳಿತ ಯಾವ ಸಭೆಯಲ್ಲಿಯೂ ಯಾರಿಗೂ ತೋಚಲಿಲ್ಲ. ಗೋಶಾಲೆಗೆ ಮೇವಿನ ಹಣ ಕೊಡುತ್ತೇವೆ, ಕೊಡಬೇಕು. ಗಬ್ಬದ ಹಸುವಿನ ಹೊಟ್ಟೆಯಲ್ಲಿರುವ ಕರುವಿನ ರಕ್ತ ಬೇಡವೆನ್ನಿಸುವ ಸಂಶೋಧನೆಗೆ ಕೊಡುವ ಹಣವೂ ಗೋರಕ್ಷಣೆಯೇ ಎಂಬುದು ಇನ್ನೂ ನಮ್ಮ ತಲೆಗೆ ಹೋಗಿಲ್ಲ.

ವೃದ್ಧಿಕಾರಕಗಳನ್ನು ಬ್ಯಾಕ್ಟೀರಿಯಾಗಳಲ್ಲಿ ತಯಾರಿಸುತ್ತಾರೆ, ಅದೂ ಜೀವಹಿಂಸೆಯಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಜಿ-ಸಿಎಸ್‌ಎಫ್‌ನಂಥ ವೃದ್ಧಿಕಾರಕಗಳ ಜೀನನ್ನು ಬ್ಯಾಕ್ಟೀರಿಯಾದಲ್ಲಿ ಸೇರಿಸಿ ತೊಟ್ಟಿಗಳಲ್ಲಿ ಬೆಳೆಸುತ್ತಾರೆ. 1991ರಿಂದ ಅದು ಔಷಧವಾಗಿಯೂ ಬಳಕೆಯಲ್ಲಿದೆ. ಆದರೆ ಮನೆಯಲ್ಲಿ ಮೊಸರು ಹೆಪ್ಪಿಡುವ ಗೃಹಸ್ಥನಿಗೆ ಈ ಪ್ರಶ್ನೆ ಎತ್ತುವ ಅಧಿಕಾರ ಎಷ್ಟಿದೆಯೆಂದು ಯೋಚಿಸಬೇಕು. ಅಣುವ್ರತಿಯಾದ ಶ್ರಾವಕನು ಸಂಕಲ್ಪಪೂರ್ವಕವಾದ ತ್ರಸಹಿಂಸೆಯನ್ನು ಪೂರ್ಣವಾಗಿ ಬಿಡಬೇಕು, ಸ್ಥಾವರಹಿಂಸೆಯನ್ನು ಆದಷ್ಟು ಕಡಿಮೆ ಮಾಡಬೇಕು ಎಂಬ ಮೆಟ್ಟಿಲುಗಳನ್ನು ಆಚಾರ್ಯರು ಇಟ್ಟದ್ದೇ ಗೃಹಸ್ಥನು ಬದುಕಬೇಕೆಂದು. ಪಂಚೇಂದ್ರಿಯಗಳುಳ್ಳ ಕರುವನ್ನೂ ತೊಟ್ಟಿಯ ಸೂಕ್ಷ್ಮಜೀವಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಅದು ಅಹಿಂಸೆಯ ಸೂಕ್ಷ್ಮತೆಯಾಗದು, ತಕ್ಕಡಿಯ ದೋಷವಾದೀತು.

ಇದಕ್ಕೆ ದೂರದ ಉದಾಹರಣೆ ಬೇಡ. ನಮ್ಮ ಸಭೆಯಲ್ಲಿ ಕುಳಿತಿದ್ದವರಲ್ಲಿ ಎಷ್ಟೋ ಮಂದಿ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರು. ಒಂದು ಕಾಲದಲ್ಲಿ ಇನ್ಸುಲಿನ್ ಬರುತ್ತಿದ್ದದ್ದು ಕಸಾಯಿಖಾನೆಯ ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದ. ನಮ್ಮ ತಂದೆಯ ಕಾಲದವರು ಅದನ್ನು ತಿಳಿದೋ ತಿಳಿಯದೆಯೋ ಬಳಸಿದರು. 1982ರಲ್ಲಿ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಮಾನವ ಇನ್ಸುಲಿನ್‌ಗೆ ಅನುಮತಿ ದೊರೆಯಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆ ಯೀಸ್ಟ್ ಬಳಸಿ ತಯಾರಿಸಿದ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಇಂದು ಆ ಹಿರಿಯರು ಯಾವ ಶಂಕೆಯೂ ಇಲ್ಲದೆ ಊಟಕ್ಕೆ ಮುಂಚೆ ಚುಚ್ಚಿಕೊಳ್ಳುವುದು ಈ ಬಗೆಯ ಇನ್ಸುಲಿನ್ನನ್ನು. ಪ್ರಯೋಗಾಲಯದ ತೊಟ್ಟಿ ಅವರನ್ನು ಹಂದಿಯ ಗ್ರಂಥಿಯಿಂದ ಬಿಡಿಸಿದೆ. ತಮಗೆ ಒದಗಿದ ಆ ಬಿಡುಗಡೆ ಬೇರೊಬ್ಬರ ಮಗನಿಗೆ ಒದಗುವಾಗ ಮಾತ್ರ ತೊಟ್ಟಿ ಹಿಂಸೆಯಾಗಿ ಕಂಡಿತು.

ಒಂದು ಋಣವನ್ನು ಮಾತ್ರ ಮುಚ್ಚಿಡಲಾಗದು. ಟಿಲ್ ಮತ್ತು ಮೆಕಲಾಕ್ ಮಾಡಿದ್ದು ವಿಕಿರಣಕ್ಕೆ ಒಡ್ಡಿದ ಇಲಿಗಳ ಮೇಲಿನ ಪ್ರಯೋಗ. ಜಪಾನಿನ ತಂಡವೂ ತಾನು ಬೆಳೆಸಿದ ಮಾನವ ಕೋಶಗಳನ್ನು ಪರೀಕ್ಷಿಸಿದ್ದು ಇಲಿಗಳಲ್ಲಿಯೇ. ತಟ್ಟೆಯಿಂದ ಕರು ದೂರವಾದರೂ ಪರೀಕ್ಷೆಯಿಂದ ಇಲಿ ಇನ್ನೂ ದೂರವಾಗಿಲ್ಲ. ಇದಕ್ಕೆ ನನ್ನಲ್ಲಿ ಸುಲಭದ ಪರಿಹಾರವಿಲ್ಲ. ನಾವು ನುಂಗುವ ಪ್ರತಿಯೊಂದು ಮಾತ್ರೆಯ ಹಿಂದೆಯೂ ಇಂಥದೇ ಲೆಕ್ಕವಿದೆಯೆಂಬುದನ್ನು ಜ್ಞಾಪಿಸಬಲ್ಲೆ. ಆ ಲೆಕ್ಕವನ್ನು ಪ್ರತಿಕ್ರಮಣದಲ್ಲಿ ನೆನೆಯುವ ಜೈನನನ್ನು ಗೌರವಿಸುತ್ತೇನೆ. ಬಡವನ ಅರ್ಜಿ ಬಂದಾಗ ಮಾತ್ರ ನೆನೆಯುವವನನ್ನು ಗೌರವಿಸಲಾರೆ.

ದೇಹದಿಂದ ಹೊರಬಂದ ರಕ್ತದಲ್ಲಿ ಸಮ್ಮೂರ್ಛನ ಜೀವಗಳು ಹುಟ್ಟುತ್ತವೆ, ಆದ್ದರಿಂದ ರಕ್ತವನ್ನು ಹೊರಗೆ ಇಡುವುದೇ ದೋಷವೆಂದು ವಾದಿಸುವವರೂ ಉಂಟು. ಈ ವಾದವನ್ನು ಒಪ್ಪುವವರು ಮಹಾವೀರ ಜಯಂತಿಯಂದು ಬ್ಯಾನರ್ ಕಟ್ಟಿ ನಡೆಸುವ ರಕ್ತದಾನ ಶಿಬಿರಗಳನ್ನು ಮೊದಲು ನಿಲ್ಲಿಸಲಿ. ತೇರಾಪಂಥ ಯುವಕ ಪರಿಷತ್ತು 2014ರಲ್ಲಿ ದೇಶದಾದ್ಯಂತ ಒಂದೇ ದಿನ ಬೃಹತ್ ರಕ್ತದಾನ ನಡೆಸಿದಾಗ ಹೆಮ್ಮೆಪಟ್ಟವರು ನಾವೇ. ಬ್ಯಾಂಕಿನ ಚೀಲದಲ್ಲಿ ವಾರಗಟ್ಟಲೆ ಇರುವ ರಕ್ತ ಪುಣ್ಯವಾಗಿ, ಪ್ರಯೋಗಾಲಯದ ಚೀಲದಲ್ಲಿ ಬೆಳೆಯುವ ರಕ್ತ ಪಾಪವಾಗಲು ಯಾವ ಆಗಮದ ಆಧಾರವಿದೆ?

ಈ ಸಂಶಯವೆಲ್ಲ ಎಷ್ಟು ಅನುಕೂಲಸಿಂಧುವೆಂಬುದಕ್ಕೆ ಇನ್ನೊಂದು ದೃಶ್ಯ ಹೇಳುತ್ತೇನೆ. ಚನ್ನಗಿರಿಯಲ್ಲಿ ಪರಿಚಿತರ ಮನೆಯ ಸೀಮಂತಕ್ಕೆ ಹೋಗಿದ್ದೆ. ಅಂಗಿಗೆ ಟೈ ಕಟ್ಟಿದ್ದ ಯುವಕನೊಬ್ಬ ಹಿತ್ತಾಳೆಯ ತಟ್ಟೆಗಳ ನಡುವೆ ಬಣ್ಣದ ಪುಸ್ತಿಕೆ ಹರಡಿಕೊಂಡು, ಹುಟ್ಟುವ ಮಗುವಿನ ಹೊಕ್ಕುಳಬಳ್ಳಿಯ ರಕ್ತವನ್ನು ಕಂಪನಿಯೊಂದರ ಶೈತ್ಯಾಗಾರದಲ್ಲಿ ಕಾದಿರಿಸಿದರೆ ಮುಂದೆ ಮಗುವಿಗೆ ಯಾವ ರೋಗ ಬಂದರೂ ಅದೇ ಕವಚವೆಂದು ವಿವರಿಸುತ್ತಿದ್ದ. ಕಂತಿನಲ್ಲಿಯೂ ಕಟ್ಟಬಹುದಂತೆ. ಮನೆಯವರು ಸಹಿ ಮಾಡಿದರು. ಅರ್ಜಿಯನ್ನು ಮುಂದೂಡಿದ ಸಭೆಯ ಸದಸ್ಯರಿಬ್ಬರು ಪಂಕ್ತಿಯಲ್ಲಿದ್ದರು. ಅಲ್ಲಿ ಯಾರಿಗೂ ಹಿಂಸೆಯ ಸಂಶಯ ಬರಲಿಲ್ಲ.

ಬರಬೇಕಾಗಿದ್ದದ್ದು ಬೇರೆ ಸಂಶಯ. ಸ್ವಂತ ಬಳಕೆಗೆಂದು ಬಳ್ಳಿರಕ್ತವನ್ನು ಕೂಡಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸ್ಪಷ್ಟವಾಗಿ ಹೇಳಿದೆ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯೂ 2018ರಲ್ಲಿ ಇದನ್ನು ವಿಮೆಯೆಂದು ಮಾರುವುದನ್ನು ವಿರೋಧಿಸಿತು. ಕಾರಣ ಸರಳ. ಹುಟ್ಟಿನಿಂದಲೇ ಬಂದ ರಕ್ತದೋಷಕ್ಕೆ ಅದೇ ಮಗುವಿನ ಬಳ್ಳಿರಕ್ತ ಮದ್ದಾಗದು, ಏಕೆಂದರೆ ದೋಷ ಅದರಲ್ಲಿಯೂ ಇರುತ್ತದೆ. ಒಡಹುಟ್ಟಿದವರಿಗೆ ಈಗಾಗಲೇ ಇಂಥ ರೋಗವಿರುವ ಮನೆಯಲ್ಲಿ ಮಾತ್ರ ಕಾದಿರಿಸುವುದಕ್ಕೆ ಅರ್ಥವಿದೆ. ಉಳಿದ ಮನೆಗಳಲ್ಲಿ ಅದು ಉಪಯೋಗಕ್ಕೆ ಬಾರದ ವಸ್ತುವಿನ ಸಂಗ್ರಹ. ಇದಕ್ಕೆ ನಮ್ಮ ಶಾಸ್ತ್ರದಲ್ಲಿ ಪರಿಗ್ರಹವೆಂಬ ಹೆಸರಿದೆ. ಮನೆ, ಹೊಲ, ಚಿನ್ನಗಳಿಗೆ ಪರಿಮಾಣ ಹಾಕಿಕೊಳ್ಳುವ ಶ್ರಾವಕರು ತಮ್ಮ ಮಗುವಿನ ರಕ್ತಕ್ಕೂ ತಿಜೋರಿ ಹುಡುಕಿದರು. ಪ್ರಯೋಗಾಲಯದಲ್ಲಿ ಕೋಶ ಬೆಳೆಸುವ ವಿದ್ಯೆ ಮುಂದುವರಿದಂತೆಲ್ಲ, ಯಾರೋ ಅಪರಿಚಿತರಿಗೆಂದು ದಾನವಾಗಿ ಬಂದ ಒಂದು ಬಳ್ಳಿ ಬೆಳೆದ ಮನುಷ್ಯನೊಬ್ಬನನ್ನು ಉಳಿಸಬಲ್ಲದಾಗುತ್ತಿದೆ. ತಿಜೋರಿಯಲ್ಲಿ ಹೆಪ್ಪುಗಟ್ಟಿದ ಬಳ್ಳಿಗೆ ಆ ಭಾಗ್ಯವಿಲ್ಲ.

ಇನ್ನು ವೆಲ್ಲೂರಿನ ವಿಷಯ. ಹಿಮೋಫಿಲಿಯಾ ರೋಗಿಗಳ ಪಾಲಿಗೆ ದಾವಣಗೆರೆ ದೂರದ ಊರಲ್ಲ. ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಅಲ್ಲಿ ದಶಕಗಳಿಂದ ಕೆಲಸ ಮಾಡುತ್ತಿದೆ. ಅದನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿಯವರು ಆ ರೋಗವನ್ನು ಸ್ವಂತ ದೇಹದಲ್ಲಿಯೇ ಅರಿತ ವೈದ್ಯರು. ನಮ್ಮ ನಾಲ್ಕು ತಾಲ್ಲೂಕುಗಳ ರೋಗಿಗೆ ರಕ್ತ ಹೆಪ್ಪುಗಟ್ಟಿಸುವ ಅಂಶದ ಚುಚ್ಚುಮದ್ದು ಬೇಕಾದಾಗ ಹತ್ತಿರದ ಆಸರೆ ಆ ಊರೇ. ಆದರೆ ಆ ಚುಚ್ಚುಮದ್ದು ರೋಗವನ್ನು ತಡೆಯುತ್ತದೆ, ಕಳೆಯುವುದಿಲ್ಲ, ಜೀವಮಾನವಿಡೀ ಬೇಕು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಅಲೋಕ್ ಶ್ರೀವಾಸ್ತವ ಮತ್ತು ಸಂಗಡಿಗರು ತೀವ್ರ ಹಿಮೋಫಿಲಿಯಾ ಇದ್ದ ಐವರು ವಯಸ್ಕರ ರಕ್ತದ ಆಕರಕೋಶಗಳನ್ನು ಹೊರತೆಗೆದು, ಹೆಪ್ಪುಗಟ್ಟಿಸುವ 8ನೆಯ ಅಂಶದ ಜೀನನ್ನು ನಿರಪಾಯಗೊಳಿಸಿದ ವೈರಾಣುವಿನ ಮೂಲಕ ಅವುಗಳಲ್ಲಿ ಸೇರಿಸಿ, ಮಜ್ಜೆಯನ್ನು ತೆರವುಗೊಳಿಸುವ ಕಠಿಣ ಔಷಧ ಕೊಟ್ಟು, ಕೋಶಗಳನ್ನು ಮರಳಿ ಸೇರಿಸಿದರು. 2024ರ ಡಿಸೆಂಬರಿನಲ್ಲಿ ಫಲಿತಾಂಶ ಪ್ರಕಟವಾಯಿತು: ಚಿಕಿತ್ಸೆಯ ನಂತರ ಗಮನಿಸಿದ ಅವಧಿಯಲ್ಲಿ ಐವರಲ್ಲಿ ಒಬ್ಬರಿಗೂ ರಕ್ತಸ್ರಾವವಾಗಿಲ್ಲ. ಐದು ಜನರೆಂದರೆ ಚಿಕ್ಕ ಸಂಖ್ಯೆ. ಮಜ್ಜೆಯನ್ನು ತೆರವುಗೊಳಿಸುವ ಔಷಧ ಅಪಾಯದ್ದು. ಅರ್ಜಿ ಹಾಕಿದ ಯುವಕನಿಗೆ ಇದು ಒದಗುತ್ತದೋ ಇಲ್ಲವೋ ವೈದ್ಯರೇ ಹೇಳಬೇಕು. ಆ ತಂದೆ ಕೇಳಿದ್ದೂ ಅಷ್ಟನ್ನೇ, ಹೋಗಿ ವಿಚಾರಿಸಿಕೊಂಡು ಬರುವ ಖರ್ಚು.

ಪರಕೀಯನ ಕೋಶ ಬೇಕಾಗುವ ರೋಗಗಳಲ್ಲಿ ನಮ್ಮ ಹೊಣೆ ಇನ್ನೂ ನೇರವಾದದ್ದು. ರಕ್ತದ ಕ್ಯಾನ್ಸರ್, ಥಲಸ್ಸೀಮಿಯಾ, ಮಜ್ಜೆ ಬತ್ತುವ ರೋಗ ಇವುಗಳಿಗೆ ಹೊಂದುವ ಆಕರಕೋಶ ಒಡಹುಟ್ಟಿದವರಲ್ಲಿ ದೊರೆಯುವ ಸಂಭವ ನಾಲ್ಕರಲ್ಲಿ ಒಂದು. ಅಲ್ಲಿ ದೊರೆಯದಿದ್ದರೆ ಹೊರಗೆ ಹುಡುಕಬೇಕು. ಆ ಹೊಂದಾಣಿಕೆ ವಂಶಪಾರಂಪರ್ಯವಾಗಿ ಬರುವುದರಿಂದ ಒಂದೇ ಮೂಲದ ಜನರಲ್ಲಿ ಸಿಗುವ ಸಂಭವ ಹೆಚ್ಚು. 2011ರ ಜನಗಣತಿಯಂತೆ ಇಡೀ ದೇಶದಲ್ಲಿ ಜೈನರು ಸುಮಾರು 44 ಲಕ್ಷ, ಕರ್ನಾಟಕದಲ್ಲಿ ಸುಮಾರು 4 ಲಕ್ಷ 40 ಸಾವಿರ. ತಮ್ಮೊಳಗೇ ಕೊಡುಕೊಳೆ ನಡೆಸುತ್ತ ಬಂದ ಇಷ್ಟು ಸಣ್ಣ ಸಮಾಜದ ರೋಗಿಗೆ ಹೊಂದುವ ಕೋಶವನ್ನು ಇನ್ನಾರಿಂದ ನಿರೀಕ್ಷಿಸೋಣ? ಬೆಂಗಳೂರಿನಲ್ಲಿ ಡಿಕೆಎಂಎಸ್ ಫೌಂಡೇಶನ್ ಇಂಡಿಯಾ, ಚೆನ್ನೈಯಲ್ಲಿ ದಾತ್ರಿ ಎಂಬ ದಾನಿಗಳ ನೋಂದಣಿ ಸಂಸ್ಥೆಗಳಿವೆ. ನೋಂದಣಿಗೆ ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಸವರಿ ಕೊಟ್ಟರಾಯಿತು. ಮುಂದೆಂದಾದರೂ ಕರೆ ಬಂದರೆ ಬೆನ್ನುಮೂಳೆ ಕೊರೆಯುತ್ತಾರೆಂಬುದು ಊರಮಾತು. ಸಾಮಾನ್ಯವಾಗಿ ನಾಲ್ಕೈದು ದಿನ ಅದೇ ಜಿ-ಸಿಎಸ್‌ಎಫ್ ವೃದ್ಧಿಕಾರಕದ ಚುಚ್ಚುಮದ್ದು ಕೊಟ್ಟು, ಮಜ್ಜೆಯಿಂದ ರಕ್ತಕ್ಕೆ ಇಳಿದ ಕೋಶಗಳನ್ನು ಮೂರು ನಾಲ್ಕು ಗಂಟೆ ಯಂತ್ರದ ಮೂಲಕ ತೋಳಿನಿಂದಲೇ ಸಂಗ್ರಹಿಸುತ್ತಾರೆ. ಎರಡು ಮೂರು ದಿನ ಮೈಕೈ ನೋವಿರುತ್ತದೆ. ಅಷ್ಟಾಹ್ನಿಕದಲ್ಲಿ ಉಪವಾಸ ಮಾಡುವ ನಮ್ಮ ಹುಡುಗರಿಗೆ ಅದು ಹೆಚ್ಚಲ್ಲ.

ನಮ್ಮ ಟ್ರಸ್ಟುಗಳು ಚಿಕಿತ್ಸೆಗೆ ಹಣ ಕೊಡುವ ಮುನ್ನ ಆಸ್ಪತ್ರೆಗೆ ಒಂದು ಪತ್ರ ಬರೆಯಲಿ. ಕೋಶಗಳನ್ನಿಡುವ ದ್ರವದಲ್ಲಿ ಕರುವಿನ ಸೀರಂ ಇದೆಯೇ, ಪ್ರಾಣಿಜನ್ಯವಾದ ಬೇರೇನಾದರೂ ಇದೆಯೇ, ಬದಲಿಯುಂಟೇ ಎಂದು ಕೇಳಲಿ. ಕೇಳುವುದು ಗ್ರಾಹಕನ ಹಕ್ಕು. ಹತ್ತು ಕಡೆಯಿಂದ ಅದೇ ಪ್ರಶ್ನೆ ಬಂದರೆ ದ್ರವ ಕೊಳ್ಳುವವರೂ ಯೋಚಿಸುತ್ತಾರೆ. ಮನುಷ್ಯರ ಮೇಲೆ ಸಂಶೋಧನೆ ನಡೆಸುವ ಸಂಸ್ಥೆಗಳ ನೈತಿಕ ಸಮಿತಿಗಳಲ್ಲಿ ಒಬ್ಬ ಸಾಮಾನ್ಯ ನಾಗರಿಕ ಸದಸ್ಯನಿರಬೇಕೆಂಬ ನಿಯಮವಿದೆ. ಓದಿಕೊಂಡ ಶ್ರಾವಕರು ಅಂಥ ಸ್ಥಾನಕ್ಕೆ ಸಿದ್ಧರಾಗಿ ಮುಂದೆ ಬರಲಿ. ಉತ್ತರ ಬಂದು, ಸೀರಂ ಇದೆಯೆಂದಾದರೆ, ಆಗ ರೋಗಿಯೂ ಅವನ ಮನೆಯವರೂ ತಿಳಿದು ನಿರ್ಧರಿಸಲಿ. ಪ್ರಶ್ನೆಯನ್ನೇ ಕೇಳದೆ ಸಂಶಯದ ಹೆಸರಿನಲ್ಲಿ ಕಡತ ಕಟ್ಟಿಡುವುದು ಪ್ರಮಾದ. ಪ್ರಮಾದದಿಂದ ಪ್ರಾಣಕ್ಕೆ ಹಾನಿಯಾಗುವುದೇ ಹಿಂಸೆಯೆಂದು ಉಮಾಸ್ವಾಮಿಗಳು ನಿರೂಪಿಸಿದ್ದಾರೆ.

ಮುಂದಿನ ಸಭೆಯ ಕಾರ್ಯಸೂಚಿಗೆ ಎರಡು ವಿಷಯಗಳನ್ನು ನಾನು ಬರಹದಲ್ಲಿ ಕಳುಹಿಸಿದ್ದೇನೆ. ಒಂದು, ಮುಂದೂಡಿದ ಅರ್ಜಿ. ಇನ್ನೊಂದು, ಮಹಾವೀರ ಜಯಂತಿಯ ರಕ್ತದಾನ ಶಿಬಿರದ ಪಕ್ಕದಲ್ಲಿಯೇ ಆಕರಕೋಶ ದಾನಿಗಳ ನೋಂದಣಿಗೆ ಒಂದು ಮೇಜು. ಪ್ರಾಂಗಣದ ಕಲ್ಲುಹಾಸಿನ ಎರಡನೆಯ ಕಂತೂ ಅದೇ ಸಭೆಯ ಮುಂದೆ ಬರಲಿದೆ. ಅರ್ಜಿಯನ್ನು ಅದಕ್ಕಿಂತ ಮೊದಲು ಓದಬೇಕೆಂದು ಅಧ್ಯಕ್ಷರನ್ನು ವಿನಂತಿಸಿಕೊಂಡಿದ್ದೇನೆ.